ಗುಂಪು ಬಿಟ್ಟು ಬಂದ ಮೇಲೆ: ನಿಮ್ಮ ತೀರ್ಮಾನಗಳನ್ನು ನಿಮ್ಮ ಕೈಗೆ ಮರಳಿ ಪಡೆಯುವ ಬಗೆ

ಒಬ್ಬ ವ್ಯಕ್ತಿಯ ಮಾತೇ ಕಟ್ಟಕಡೆಯ ಮಾತಾಗಿರುವ ಗುಂಪಿನಿಂದ ಹೊರಬಂದವರಿಗಾಗಿ, ಹಾಗೆ ಬಂದವರನ್ನು ಮನೆಯಲ್ಲಿಟ್ಟುಕೊಂಡು ಮುಂದೇನು ಮಾಡಬೇಕೆಂದು ತೋಚದೆ ಕುಳಿತಿರುವ ಮನೆಯವರಿಗಾಗಿ ಈ ಲೇಖನ. ಆ ಗುಂಪು ಸತ್ಸಂಗವಾಗಿರಬಹುದು, ಪ್ರಾರ್ಥನಾ ಕೂಟವಾಗಿರಬಹುದು, ಧ್ಯಾನ ಶಿಬಿರವಾಗಿರಬಹುದು, ‘ವರ್ಷದೊಳಗೆ ನಿಮ್ಮ ಬದುಕೇ ಬದಲಾಗುತ್ತದೆ’ ಎಂದು ಜನರನ್ನು ಸೇರಿಸುತ್ತಾ ಹೋಗುವ ಚೈನ್ ಮಾರ್ಕೆಟಿಂಗ್ ತಂಡವೂ ಆಗಿರಬಹುದು. ಅಲ್ಲಿ ದೇವರ ಹೆಸರಿತ್ತೋ ಇಲ್ಲವೋ ಎಂಬುದು ಮುಖ್ಯವಲ್ಲ. ಯಾರೊಡನೆ ಮಾತಾಡಬೇಕು, ದುಡ್ಡನ್ನು ಎಲ್ಲಿಡಬೇಕು, ಮಗಳನ್ನು ಯಾವ ಮನೆಗೆ ಕೊಡಬೇಕು, ಜ್ವರ ಬಂದರೆ ಆಸ್ಪತ್ರೆಗೆ ಹೋಗಬಹುದೋ ಇಲ್ಲವೋ ಎಂಬುದನ್ನೆಲ್ಲ ನಾಯಕರೇ ತೀರ್ಮಾನಿಸುತ್ತಿದ್ದರೆ, ಪ್ರಶ್ನೆ ಕೇಳಿದವರನ್ನು ಎಲ್ಲರೆದುರು ಕುಗ್ಗಿಸುತ್ತಿದ್ದರೆ, ಬಿಟ್ಟುಹೋದವರ ಹೆಸರೆತ್ತುವುದೂ ತಪ್ಪಾಗಿದ್ದರೆ, ಅದು ಬಿಗಿ ಹಿಡಿತದ ಗುಂಪೇ.

ಹೊರಗೆ ಕಾಲಿಟ್ಟ ದಿನವೇ ಬಿಡುಗಡೆಯಾಯಿತೆಂದು ಸುತ್ತಲಿನವರು ಎಣಿಸುತ್ತಾರೆ. ಆದರೆ ಅಲ್ಲಿ ವರ್ಷಗಟ್ಟಲೆ ತಿದ್ದಿಸಿದ ಒಂದು ಪಾಠ ಒಳಗೆ ಉಳಿದೇ ಇರುತ್ತದೆ: ನಿನ್ನ ಬುದ್ಧಿಯನ್ನು ನೀನು ನಂಬಬೇಡ. ಚೇತರಿಕೆಯೆಂದರೆ ಬಹುಪಾಲು ಈ ಪಾಠವನ್ನು ಬಿಡಿಸಿಕೊಳ್ಳುವ ಕೆಲಸ. ಆದಕಾರಣ ಮುಂದೆ ಹೇಳಿರುವುದರಲ್ಲಿ ಯಾವುದನ್ನು ಮೊದಲು ಮಾಡಬೇಕು, ಯಾವುದು ನಿಮಗೆ ಹೊಂದುವುದಿಲ್ಲ ಎಂಬುದನ್ನು ನೀವೇ ಆಯ್ದುಕೊಳ್ಳಿ. ಮೊದಲ ಹೆಜ್ಜೆಯನ್ನು ಮಾತ್ರ ತಡಮಾಡದೆ ಇಡಬೇಕೆಂದು ನನ್ನ ಒತ್ತಾಯ.

ಮೊದಲ ವಾರಗಳು: ನಿದ್ದೆ, ಊಟ, ದಾಖಲೆ, ಫೋನು

ಬೆಳಗಿನ ಜಾವದ ಸೇವೆ, ತಡರಾತ್ರಿಯ ಭಜನೆ, ಉಪವಾಸ, ಎಡೆಬಿಡದ ಸಭೆಗಳಿಂದ ದೇಹ ಬಳಲಿರುತ್ತದೆ, ಮತ್ತು ನಿದ್ದೆಗೆಟ್ಟ ತಲೆಯಲ್ಲಿ ಭಯ ಬೇಗ ಬೇರೂರುತ್ತದೆ. ಹೊತ್ತಿಗೆ ಸರಿಯಾಗಿ ಊಟ, ರಾತ್ರಿ ನಿದ್ದೆ, ನಿಲ್ಲಿಸಿದ್ದ ಬಿ.ಪಿ., ಸಕ್ಕರೆ ಅಥವಾ ಥೈರಾಯ್ಡ್ ಮಾತ್ರೆಯಿದ್ದರೆ ವೈದ್ಯರನ್ನು ಕಂಡು ಮತ್ತೆ ಆರಂಭಿಸುವುದು, ಇಷ್ಟೇ ಮೊದಲ ವಾರಗಳ ಕೆಲಸ. ಈ ಅವಧಿಯಲ್ಲಿ ಜಮೀನು ಮಾರುವುದು, ಮದುವೆ ಒಪ್ಪಿಕೊಳ್ಳುವುದು, ಕೆಲಸ ಬಿಡುವುದು ಬೇಡ.

ಜೊತೆಗೆ ಒಂದು ಮಧ್ಯಾಹ್ನ ಕುಳಿತು ದಾಖಲೆಗಳನ್ನು ಹೊಂದಿಸಿಕೊಳ್ಳಿ. ಆಧಾರ್, ಪಾನ್, ಅಂಕಪಟ್ಟಿ, ಪಾಸ್‌ಬುಕ್, ಎಲ್‌ಐಸಿ ಬಾಂಡ್‌ಗಳಲ್ಲಿ ಯಾವುದು ಗುಂಪಿನ ಕಚೇರಿಯಲ್ಲಿ ಉಳಿದಿದೆ ಎಂದು ಬರೆದಿಟ್ಟುಕೊಳ್ಳಿ. ಆಧಾರ್ ಮರುಮುದ್ರಣಕ್ಕೂ ಬೆರಳಚ್ಚು ಲಾಕ್ ಮಾಡುವುದಕ್ಕೂ 1947ಕ್ಕೆ ಕರೆ ಮಾಡಿ ವಿಚಾರಿಸಬಹುದು. ಬ್ಯಾಂಕಿಗೆ ಹೋಗಿ ಖಾತೆಯಿಂದ ಪ್ರತಿ ತಿಂಗಳು ತಾನಾಗಿ ಕಡಿತವಾಗುವ ಕಾಣಿಕೆ ಇದೆಯೇ, ನಾಮಿನಿಯಾಗಿ ಯಾರ ಹೆಸರಿದೆ ಎಂದು ಕೇಳಿ, ಬೇಕಾದಂತೆ ಬದಲಾಯಿಸಿ. ನಿಮ್ಮ ಹೆಸರಿನಲ್ಲಿ ಸಾಲ ತೆಗೆದು ಗುಂಪಿಗೆ ಕೊಟ್ಟಿರುವ ಸಂಶಯವಿದ್ದರೆ, ನಿಮ್ಮ ಹೆಸರಿನಲ್ಲಿರುವ ಸಾಲಗಳನ್ನು ತೋರಿಸುವ ಸಿಬಿಲ್ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ಪಡೆಯಬಹುದು. ಮೈಕ್ರೋಫೈನಾನ್ಸ್ ಸಾಲಗಳೂ ಸಾಮಾನ್ಯವಾಗಿ ಅದರಲ್ಲಿ ಕಾಣುತ್ತವೆ. ಫೋನಿನಲ್ಲಿ ವಾಟ್ಸ್ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ ತೆರೆದು ಬೇರೆ ಯಂತ್ರದಲ್ಲಿ ನಿಮ್ಮ ಖಾತೆ ತೆರೆದಿದ್ದರೆ ಮುಚ್ಚಿ. ಇಮೇಲ್ ಪಾಸ್‌ವರ್ಡ್ ಬದಲಾಯಿಸುವಾಗ, ಪಾಸ್‌ವರ್ಡ್ ಮರೆತರೆ ಸಂಕೇತ ಹೋಗುವ ನಂಬರು ಯಾರದ್ದಿದೆ ಎಂಬುದನ್ನೂ ನೋಡಿ. ಅದು ಗುಂಪಿನ ಯಾವುದೋ ‘ಸೇವಾಕರ್ತ’ರದ್ದಾಗಿದ್ದರೆ ಪಾಸ್‌ವರ್ಡ್ ಬದಲಾಯಿಸಿಯೂ ಪ್ರಯೋಜನವಿಲ್ಲ.

ಯಾರಾದರೂ ಮನೆ ಬಾಗಿಲಿಗೆ ಬಂದು ಬೆದರಿಸಿದರೆ 112. ಮಹಿಳೆಯರಿಗೆ 181 ಕೂಡ ಇದೆ.

ನಡೆದದ್ದೇನೆಂದು ಗುರುತಿಸುವುದು

ನಾಯಕರಿಗೆ ಆತ್ಮರತಿಯ ವ್ಯಕ್ತಿತ್ವ ದೋಷ ಇತ್ತೇ ಎಂಬ ಪ್ರಶ್ನೆಯಲ್ಲಿ ಹೊರಬಂದವರು ತಿಂಗಳುಗಟ್ಟಲೆ ಸಿಕ್ಕಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಆ ದೋಷಕ್ಕೆ 9 ಲಕ್ಷಣಗಳನ್ನು ಕೊಟ್ಟು, ಕನಿಷ್ಠ 5 ಕಂಡುಬರಬೇಕೆನ್ನುತ್ತದೆ: ತಾನೇ ದೊಡ್ಡವನೆಂಬ ಭಾವ, ಹೊಗಳಿಕೆಯ ಹಸಿವು, ತನಗೆ ವಿಶೇಷ ಹಕ್ಕಿದೆಯೆಂಬ ನಂಬಿಕೆ, ಪರರನ್ನು ಬಳಸಿಕೊಳ್ಳುವುದು, ಪರರ ನೋವು ತಟ್ಟದಿರುವುದು ಮೊದಲಾದವು. ಆದರೆ ಅದನ್ನು ತೀರ್ಮಾನಿಸುವುದು ಎದುರು ಕೂತು ಪರೀಕ್ಷಿಸಿದ ವೈದ್ಯರ ಕೆಲಸ, ಮತ್ತು ನಿಮ್ಮ ಚೇತರಿಕೆಗೆ ಅದರ ಅಗತ್ಯವೂ ಇಲ್ಲ. ಅವರು ಏನಾಗಿದ್ದರು ಎಂಬುದಕ್ಕಿಂತ ನಿಮಗೆ ಏನು ಮಾಡಿದರು ಎಂಬುದನ್ನು ಸ್ಪಷ್ಟ ಮಾಡಿಕೊಳ್ಳುವುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮಾಡಿದ್ದು ಸಾಮಾನ್ಯವಾಗಿ ಹೀಗಿರುತ್ತದೆ. ಸೇರಿದ ಹೊಸದರಲ್ಲಿ ಪ್ರೀತಿಯ ಮಳೆ: ‘ನಿಮ್ಮಂಥವರಿಗಾಗಿಯೇ ಕಾಯುತ್ತಿದ್ದೆವು’ ಎನ್ನುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ, ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಆಮೇಲೆ ಕಾರಣ ಹೇಳದೆ ಆ ಪ್ರೀತಿ ನಿಲ್ಲುತ್ತದೆ, ನೀವು ಏನು ತಪ್ಪು ಮಾಡಿದಿರೆಂದು ಹುಡುಕಿಕೊಳ್ಳುತ್ತಾ ಇನ್ನಷ್ಟು ಬಾಗುತ್ತೀರಿ. ಮತ್ತೆ ಒಂದು ದಿನ ಇದ್ದಕ್ಕಿದ್ದಂತೆ ನಗು, ಪ್ರಸಾದ, ಬೆನ್ನು ತಟ್ಟುವಿಕೆ. ಯಾವಾಗ ಸಿಗುತ್ತದೆಂದು ತಿಳಿಯದ ಬಹುಮಾನ ನಿತ್ಯವೂ ಸಿಗುವ ಬಹುಮಾನಕ್ಕಿಂತ ಗಟ್ಟಿಯಾಗಿ ಕಟ್ಟಿಹಾಕುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಪ್ರಯೋಗದಲ್ಲೇ ತೋರಿಸಿದ್ದರು. ‘ಇಷ್ಟು ಓದಿಕೊಂಡು ಅಲ್ಲಿ ಹೇಗೆ ಉಳಿದೆ’ ಎಂದು ನಿಮ್ಮನ್ನು ನೀವೇ ಹಳಿದುಕೊಳ್ಳುವಾಗ ಇದನ್ನು ನೆನೆಯಿರಿ. ವಿದ್ಯೆ, ಬುದ್ಧಿ, ವಯಸ್ಸು ಯಾವುದೂ ಈ ಕಟ್ಟಿನಿಂದ ಕಾಪಾಡುವುದಿಲ್ಲ.

1950ರ ದಶಕದಲ್ಲಿ ಚೀನಾದ ಸೆರೆಮನೆಗಳಿಂದ ಬಿಡುಗಡೆಯಾದವರನ್ನು ಮಾತಾಡಿಸಿದ ಮನೋವೈದ್ಯ ರಾಬರ್ಟ್ ಜೇ ಲಿಫ್ಟನ್ ಅಂಥ ಹಿಡಿತದ ಲಕ್ಷಣಗಳನ್ನು ಪಟ್ಟಿ ಮಾಡಿದರು. ಹೊರಜಗತ್ತಿನ ಸಂಪರ್ಕವನ್ನು ಹಿಡಿತದಲ್ಲಿಡುವುದು, ಎಂದಿಗೂ ಮುಟ್ಟಲಾಗದ ಪರಿಶುದ್ಧತೆಯನ್ನು ಬೇಡುವುದು, ತಪ್ಪೊಪ್ಪಿಗೆ ಮಾಡಿಸುವುದು, ನಿಮ್ಮ ಕಣ್ಣಾರೆ ಕಂಡದ್ದಕ್ಕಿಂತ ಸಿದ್ಧಾಂತವೇ ನಿಜವೆನ್ನುವುದು ಅವುಗಳಲ್ಲಿ ಕೆಲವು. ನಮ್ಮ ಕಡೆಯ ಕೂಟಗಳಲ್ಲಿ ಇದು ‘ಅಹಂಕಾರ ಬಿಡು’, ‘ಸಂಪೂರ್ಣ ಶರಣಾಗು’, ‘ಗುರುದ್ರೋಹಕ್ಕೆ ಪ್ರಾಯಶ್ಚಿತ್ತವಿಲ್ಲ’ ಎಂಬ ಮಾತುಗಳಲ್ಲಿ ಬರುತ್ತದೆ. ಶರಣಾಗತಿಯ ಮಾತು ನಮ್ಮ ಪರಂಪರೆಯಲ್ಲಿ ಗೌರವದ್ದು; ಅದನ್ನು ಒಬ್ಬ ಮನುಷ್ಯನ ಬೇಳೆ ಬೇಯಿಸಿಕೊಳ್ಳಲು ಬಳಸಿದ್ದೇ ಇಲ್ಲಿನ ಅನ್ಯಾಯ.

ಇನ್ನೊಂದು ತಂತ್ರವನ್ನು ಪ್ರತ್ಯೇಕವಾಗಿ ಗುರುತಿಸಿಕೊಳ್ಳಬೇಕು. ತಪ್ಪನ್ನು ಎತ್ತಿ ತೋರಿಸಿದಾಗ ಮೊದಲು ‘ಹಾಗೆ ನಡೆದೇ ಇಲ್ಲ’ ಎನ್ನುತ್ತಾರೆ, ಬಳಿಕ ಕೇಳಿದವರ ನಡತೆಯ ಮೇಲೆ ಎರಗುತ್ತಾರೆ, ಕೊನೆಗೆ ‘ನನಗೇ ಎಷ್ಟು ನೋವು ಕೊಟ್ಟೆ ನೋಡು’ ಎಂದು ತಾವೇ ಬಾಧಿತರಾಗಿ ನಿಲ್ಲುತ್ತಾರೆ. ಮನಶ್ಶಾಸ್ತ್ರಜ್ಞೆ ಜೆನಿಫರ್ ಫ್ರೇಡ್ 1997ರಲ್ಲಿ ಈ ಮೂರು ಮಜಲುಗಳನ್ನು ಒಟ್ಟಾಗಿ ವಿವರಿಸಿದರು. ದೂರು ಹೇಳಲು ಹೋದವರು ಕ್ಷಮೆ ಕೇಳಿ ಬರುವುದು ಹೀಗೆಯೇ.

ನೋಟ್‌ಬುಕ್ಕಿನ ಎರಡು ಕಾಲಂ

ಒಂದು ಉದ್ದ ನೋಟ್‌ಬುಕ್ ತೆಗೆದುಕೊಂಡು ಪುಟವನ್ನು ನಡುವೆ ಗೆರೆ ಎಳೆದು ಭಾಗ ಮಾಡಿ. ಎಡಗಡೆ ನಡೆದದ್ದನ್ನು ಮಾತ್ರ ಬರೆಯಿರಿ: ‘ಶಿಬಿರದಲ್ಲಿ ಜ್ವರ ಬಂತು, ಮಾತ್ರೆ ಕೇಳಿದೆ, ಕೊಡಲಿಲ್ಲ, ಮರುದಿನವೂ ಅಡುಗೆ ಮನೆಯಲ್ಲಿ ಕೆಲಸ ಮಾಡಿದೆ.’ ಬಲಗಡೆ ಅದರ ಬಗ್ಗೆ ನಿಮಗೆ ಹೇಳಲಾದದ್ದನ್ನು ಬರೆಯಿರಿ: ‘ಶ್ರದ್ಧೆ ಸಾಲದ್ದಕ್ಕೆ ಜ್ವರ ಬಂತು.’ ಕೆಳಗೆ ಒಂದು ಸಾಲು: ಇದೇ ನನ್ನ ತಂಗಿಗೆ ಆಗಿದ್ದರೆ ನಾನು ಏನೆನ್ನುತ್ತಿದ್ದೆ? ದಿನಕ್ಕೊಂದು ಘಟನೆಗಿಂತ ಹೆಚ್ಚು ಬೇಡ. ಎದೆ ಬಡಿತ ಏರಿದರೆ ಪುಸ್ತಕ ಮುಚ್ಚಿ ಹೊರಗೆ ಸುತ್ತಾಡಿ ಬನ್ನಿ. ನಮ್ಮ ತುಮಕೂರಿನ ಅಮಾನಿಕೆರೆ ಏರಿಯ ಮೇಲೆ ಸಂಜೆ ನಡೆದಾಡುವವರ ನಡುವೆ ಒಂದು ಸುತ್ತು ಹಾಕಿದರೂ ಆದೀತು.

ಅಲ್ಲಿ ಸಿಕ್ಕ ಒಳ್ಳೆಯದನ್ನೂ ಪ್ರಾಮಾಣಿಕವಾಗಿ ಬರೆಯಿರಿ. ಹಾಡಲು ಕಲಿತಿರಬಹುದು, ಕುಡಿತ ಬಿಟ್ಟಿರಬಹುದು, ಕಷ್ಟಕ್ಕೆ ಒದಗಿದ ಗೆಳತಿ ಸಿಕ್ಕಿರಬಹುದು. ಅವೆಲ್ಲ ನಿಮ್ಮ ದುಡಿಮೆಯ ಫಲ, ನಾಯಕರ ಕೊಡುಗೆಯಲ್ಲ, ಆದ್ದರಿಂದ ಅವನ್ನು ಬಿಟ್ಟು ಬರಬೇಕಾಗಿಲ್ಲ. ಒಳ್ಳೆಯದನ್ನು ಒಪ್ಪಿಕೊಳ್ಳದವರಿಗೆ ಹಂಬಲ ಕಾಡಿದ ದಿನ ಎಲ್ಲವೂ ಒಳ್ಳೆಯದೇ ಆಗಿತ್ತೆಂದು ತೋರತೊಡಗುತ್ತದೆ.

ಬರುವ ಸಂದೇಶ, ಎದುರಾಗುವ ಮುಖ

ಬಿಟ್ಟ ಕೆಲವೇ ದಿನಗಳಲ್ಲಿ ಇಂಥದೊಂದು ಸಂದೇಶ ಬರುತ್ತದೆ: ‘ಅಕ್ಕಾ, ನೀವು ಹೋದಾಗಿನಿಂದ ಗುರುಗಳು ಸರಿಯಾಗಿ ಊಟ ಮಾಡಿಲ್ಲ. ನಿಮ್ಮ ಮೇಲೆ ಅವರಿಗೆ ಒಂದಿಷ್ಟೂ ಕೋಪ ಇಲ್ಲ. ಮಗನ ಪರೀಕ್ಷೆ ಬೇರೆ ಹತ್ತಿರ ಬಂತು, ಒಂದ್ಸಲ ಬಂದು ಕಾಲಿಗೆ ಬಿದ್ದು ಹೋಗಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ.’

ಇದನ್ನು ವಾಕ್ಯ ವಾಕ್ಯವಾಗಿ ಓದಿ. ಮೊದಲನೆಯದು ಒಬ್ಬ ದೊಡ್ಡ ಮನುಷ್ಯನ ಹಸಿವಿನ ಹೊಣೆಯನ್ನು ನಿಮ್ಮ ತಲೆಗೆ ಕಟ್ಟುತ್ತದೆ. ಎರಡನೆಯದು ನೀವು ಕೇಳದ ಕ್ಷಮೆಯನ್ನು ದಯಪಾಲಿಸುವ ಮೂಲಕ ತಪ್ಪು ನಿಮ್ಮದೆಂದು ಆಗಲೇ ತೀರ್ಪು ಕೊಟ್ಟಿರುತ್ತದೆ. ಮೂರನೆಯದರಲ್ಲಿ ಮಗನ ಪರೀಕ್ಷೆಯನ್ನು ಮುಂದಿಟ್ಟು ಹೆದರಿಸಲಾಗಿದೆ, ಆದರೆ ಹೆದರಿಸಿದರೆಂದು ಹೇಳಲು ಒಂದು ಪದವೂ ಸಿಗದಂತೆ. ನಾಲ್ಕನೆಯದು ನೀವು ಒಲ್ಲೆನೆಂದರೆ ಹಿತೈಷಿಯನ್ನು ನೋಯಿಸಿದಂತಾಗಲಿ ಎಂದು ಬರೆದದ್ದು. ಕಳಿಸಿದಾಕೆ ಕೆಟ್ಟವಳಲ್ಲದಿರಬಹುದು, ಅಷ್ಟನ್ನೂ ನಂಬಿಯೇ ಬರೆದಿರಬಹುದು. ಉತ್ತರಿಸದಿರುವುದು ಕಷ್ಟವಾಗುವುದೂ ಅದಕ್ಕೇ.

ಉತ್ತರ ಕೊಡಲೇಬೇಕೆನಿಸಿದರೆ ಒಂದು ಸಾಲು ಸಾಕು: ‘ನಾನು ಬಿಟ್ಟಿದ್ದೇನೆ. ಈ ವಿಷಯ ಮಾತಾಡಲು ಇಷ್ಟವಿಲ್ಲ.’ ಕಾರಣ ಕೊಡಬೇಡಿ. ನೀವು ಕೊಡುವ ಪ್ರತಿ ಕಾರಣಕ್ಕೂ ಅಲ್ಲಿ ಸಿದ್ಧ ಉತ್ತರವಿರುತ್ತದೆ, ಮತ್ತು ಮಾತು ಬೆಳೆದಷ್ಟೂ ಹಳೆಯ ಕಟ್ಟು ಬಿಗಿಯುತ್ತದೆ. ಸಂದೇಶವನ್ನು ಅಳಿಸದೆ ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ನಂಬರನ್ನು ಬ್ಲಾಕ್ ಮಾಡಿ. ಮುಂದೆ ದೂರು ಕೊಡಬೇಕಾಗಿ ಬಂದರೆ ಇವೇ ಸಾಕ್ಷ್ಯ.

ಬೆಂಗಳೂರಿನಂಥ ಊರಿನಲ್ಲಿ ಮುಖ ತಪ್ಪಿಸಿ ಬದುಕಬಹುದು. ನಮ್ಮ ತುಮಕೂರಿನಲ್ಲಿ ಬಿ.ಎಚ್. ರಸ್ತೆಯಲ್ಲೋ, ಬಸ್ ನಿಲ್ದಾಣದಲ್ಲೋ, ಬೆಳಗಿನ ಯಶವಂತಪುರದ ರೈಲಿನಲ್ಲೋ, ನಂಟರ ಮದುವೆಯ ಪಂಕ್ತಿಯಲ್ಲೋ ಹಳೆಯ ಸಂಗಡಿಗರು ಸಿಕ್ಕೇ ಸಿಗುತ್ತಾರೆ. ಅದಕ್ಕೊಂದು ಮಾತನ್ನು ಮೊದಲೇ ಗಟ್ಟಿಮಾಡಿಟ್ಟುಕೊಳ್ಳಿ: ‘ಚೆನ್ನಾಗಿದೀನಿ, ಹೊತ್ತಾಯ್ತು, ಬರ್ತೀನಿ.’ ಮನೆಯಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ; ಎದೆ ಝಲ್ಲೆಂದಾಗ ಹೊಸ ಮಾತು ಹೊಳೆಯುವುದಿಲ್ಲ. ಅವರು ಮುಖ ತಿರುಗಿಸಿ ಹೋದರೆ ನೋವಾಗುತ್ತದೆ. ಅದು ನಿಮ್ಮ ಮೇಲಿನ ದ್ವೇಷಕ್ಕಿಂತ ಹೆಚ್ಚಾಗಿ ಅವರಿಗಿರುವ ಭಯ, ಏಕೆಂದರೆ ನಿಮ್ಮನ್ನು ಮಾತಾಡಿಸಿದ ಸುದ್ದಿ ಅಲ್ಲಿಗೆ ಮುಟ್ಟಿದರೆ ಅವರೂ ಉತ್ತರ ಕೊಡಬೇಕು.

ಶಾಪದ ಭಯ

ಮಗುವಿಗೆ ಜ್ವರ ಬಂದರೆ, ಬೋರ್‌ವೆಲ್ ಬತ್ತಿದರೆ, ಗಾಡಿ ಕೆಟ್ಟರೆ ‘ತಟ್ಟಿತು’ ಎಂಬ ಮಾತು ಒಳಗಿನಿಂದಲೇ ಏಳುತ್ತದೆ. ವಾದ ಮಾಡಿ ಗೆಲ್ಲುವ ಭಯವಲ್ಲ ಅದು. ನೋಟ್‌ಬುಕ್ಕಿನಲ್ಲಿ ಇದಕ್ಕೊಂದು ಪುಟ ಮಾಡಿ, ಗುಂಪಿಗೆ ಸೇರುವ ಮೊದಲು ಮನೆಯಲ್ಲಿ ಆದ ಕಷ್ಟಗಳು, ಒಳಗಿದ್ದಾಗ ಆದವು, ಬಿಟ್ಟ ಮೇಲೆ ಆದವು ಎಂದು ನೆನಪಿದ್ದಷ್ಟನ್ನು ಬರೆಯಿರಿ. ಜ್ವರ, ಬರ, ಸಾವು ಮೂರು ಕಾಲದಲ್ಲೂ ಇದ್ದುದು ನಿಮ್ಮ ಕೈಬರಹದಲ್ಲೇ ಕಾಣುತ್ತದೆ.

ಯಾವುದೋ ಭಜನೆಯ ಧಾಟಿ, ಧೂಪದ ವಾಸನೆ ತಟ್ಟಿದಾಗ ಕೆಲವರಿಗೆ ತಾವು ಮತ್ತೆ ಅಲ್ಲೇ ಇದ್ದಂತೆ ಮಂಪರು ಕವಿಯುತ್ತದೆ. ಆಗ ಅಂಗಾಲನ್ನು ನೆಲಕ್ಕೆ ಒತ್ತಿ, ತಣ್ಣೀರಿನಲ್ಲಿ ಮುಖ ತೊಳೆದು, ಎದುರು ಕಾಣುವ ವಸ್ತುಗಳ ಹೆಸರನ್ನು ಗಟ್ಟಿಯಾಗಿ ಹೇಳಿ, ಇಂದಿನ ವಾರ, ತಾರೀಖು, ಊರು ಯಾವುದೆಂದು ನಿಮಗೆ ನೀವೇ ಹೇಳಿಕೊಳ್ಳಿ. ಅಲ್ಲಿ ಕಲಿಸಿದ ಧ್ಯಾನವೇ ಮಂಪರು ತರಿಸುತ್ತಿದ್ದರೆ ಅದನ್ನು ಸದ್ಯಕ್ಕೆ ನಿಲ್ಲಿಸುವುದು ಒಳ್ಳೆಯದು.

ದೇವರಲ್ಲಿ ನಂಬಿಕೆ ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬುದಕ್ಕೆ ಅವಸರವಿಲ್ಲ. ಮನೆದೇವರಿಗೆ ದೀಪ ಹಚ್ಚುವುದು ಹಿತವೆನಿಸಿದರೆ ಹಚ್ಚಿ, ಇಲ್ಲದಿದ್ದರೆ ಬಿಡಿ. ಆದರೆ ಒಬ್ಬರನ್ನು ಬಿಟ್ಟ ಖಾಲಿ ಜಾಗಕ್ಕೆ ತಕ್ಷಣ ಇನ್ನೊಬ್ಬರನ್ನು ತಂದು ಕೂರಿಸುವುದು ಬೇಡ, ಅವರು ಎಷ್ಟೇ ಒಳ್ಳೆಯವರಾಗಿದ್ದರೂ ಸರಿ.

ಸಣ್ಣ ತೀರ್ಮಾನಗಳಿಂದ ಆರಂಭ

ಬಟ್ಟೆ ಅಂಗಡಿಯಲ್ಲಿ ಎರಡು ಸೀರೆ ಮುಂದಿಟ್ಟುಕೊಂಡು, ಯಾವುದನ್ನು ಕೊಳ್ಳಬೇಕೆಂದು ತಿಳಿಯದೆ, ಕೈ ತಾನಾಗಿ ಫೋನಿನ ಕಡೆ ಹೋಗಿ, ಕರೆ ಮಾಡುವವರು ಯಾರೂ ಇಲ್ಲವೆಂದು ಅರಿವಾಗಿ ಕಣ್ಣಲ್ಲಿ ನೀರು ತುಂಬಿಕೊಂಡ ಹೆಂಗಸನ್ನು ಬಲ್ಲೆ. ಆಕೆ ದಡ್ಡಳಲ್ಲ, ವರ್ಷಗಟ್ಟಲೆ ಬಳಸದ ಶಕ್ತಿಯೊಂದು ಜಡ್ಡುಗಟ್ಟಿತ್ತು, ಅಷ್ಟೇ. ಮುರಿದ ಕೈಯ ಪ್ಲಾಸ್ಟರ್ ಬಿಚ್ಚಿದ ಮೇಲೆ ಬೆರಳುಗಳನ್ನು ಸ್ವಲ್ಪಸ್ವಲ್ಪವೇ ಆಡಿಸಿ ಬಲ ತುಂಬುವಂತೆ ಇದನ್ನೂ ಪಳಗಿಸಬೇಕು. ದಿನಕ್ಕೊಂದು ತೀರ್ಮಾನವನ್ನು ಯಾರನ್ನೂ ಕೇಳದೆ ಮಾಡಿ: ಇಂದು ಸಾರಿಗೆ ಯಾವ ಬೇಳೆ, ಯಾವ ಬಸ್ಸು, ಯಾವ ಬಣ್ಣದ ಬಳೆ. ತಪ್ಪಾದರೂ ಏನೂ ಆಗಲಿಲ್ಲವೆಂಬುದನ್ನು ಗಮನಿಸಿ. ನಂತರ ದುಡ್ಡಿನ ಸಣ್ಣ ತೀರ್ಮಾನಗಳು. ಆಮೇಲೆ ‘ಆಗಲ್ಲ’ ಎಂದು ಕಾರಣ ಕೊಡದೆ ಹೇಳುವ ಅಭ್ಯಾಸ. ಕೊನೆಯದು ಎಲ್ಲಕ್ಕಿಂತ ಕಠಿಣ.

ಮನೆಯವರು ಇಲ್ಲಿ ಒಂದು ಮಾತು ಕೇಳಬೇಕು. ‘ನಾವು ಅವತ್ತೇ ಹೇಳಿದ್ವಿ’ ಎನ್ನಬೇಡಿ. ಪ್ರೀತಿಯಿಂದಲೇ ಆದರೂ ಎಲ್ಲವನ್ನೂ ನೀವೇ ತೀರ್ಮಾನಿಸಿಬಿಟ್ಟರೆ ಅವರ ಪಾಲಿಗೆ ನಾಯಕರು ಬದಲಾದರಷ್ಟೇ. ಕೇಳಿದ್ದಕ್ಕೆ ಉತ್ತರಿಸಿ, ಉಳಿದ ಹೊತ್ತು ಜೊತೆಗೆ ಕೂತು ಊಟ ಮಾಡಿ.

ವೈದ್ಯರು, ಆಪ್ತಸಮಾಲೋಚಕರು

ನಿದ್ದೆ ತಿಂಗಳಾದರೂ ಮರಳದಿದ್ದರೆ, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು ನಿಲ್ಲದಿದ್ದರೆ, ತಾನು ಕೆಟ್ಟವಳು ಅಥವಾ ಕೆಟ್ಟವನೆಂಬ ಭಾವ ಬಿಡದೆ ಹಿಡಿದಿದ್ದರೆ ತಜ್ಞರನ್ನು ಕಾಣಬೇಕು. ದೀರ್ಘಕಾಲದ ದಬ್ಬಾಳಿಕೆಯಿಂದ ಉಂಟಾಗುವ ಸಂಕೀರ್ಣ ಆಘಾತೋತ್ತರ ಒತ್ತಡವನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಯಲ್ಲಿರುವ ತನ್ನ ರೋಗಪಟ್ಟಿಯಲ್ಲಿ ಪ್ರತ್ಯೇಕ ತೊಂದರೆಯಾಗಿ ಸೇರಿಸಿದೆ, ಅದಕ್ಕೆ ಚಿಕಿತ್ಸೆಯೂ ಇದೆ. ಸಾಯಬೇಕೆಂಬ ಯೋಚನೆ ಸುಳಿದರೆ ತಿಂಗಳು ಕಾಯುವ ಮಾತೇ ಇಲ್ಲ. ಅದೇ ಗಳಿಗೆಯಲ್ಲಿ ಮನೆಯ ಒಬ್ಬರಿಗೆ ಹೇಳಿ, 14416ಕ್ಕೆ ಕರೆ ಮಾಡಿ. ಅದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿಮಾನಸ್ ಸಹಾಯವಾಣಿ. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ಜಿಲ್ಲಾಸ್ಪತ್ರೆಯಲ್ಲಿ ಸಿಗುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಮಂಗಳವಾರದ ಕ್ಲಿನಿಕ್ ನಡೆಯುತ್ತದೆ. ಪಾವಗಡ, ಮಧುಗಿರಿ, ಶಿರಾ ಕಡೆಯವರು ತಮ್ಮಲ್ಲಿ ಯಾವ ಮಂಗಳವಾರವೆಂದು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ಪರಿಚಯದವರ ಕಣ್ಣಿಗೆ ಬೀಳುವ ಅಂಜಿಕೆಯಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಒಂದು ದಿನದಲ್ಲಿ ಹೋಗಿ ಬರುವಷ್ಟು ಹತ್ತಿರವಿದೆ. ನಿಮ್ಮ ವಿಷಯವನ್ನು ಗುಟ್ಟಾಗಿಡಬೇಕಾದದ್ದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ ಪ್ರಕಾರ ವೈದ್ಯರ ಕರ್ತವ್ಯ.

ಅಲ್ಲಿ ಹೋಗಿ ಬರಿ ‘ನಿದ್ದೆ ಬರಲ್ಲ’ ಎಂದರೆ ಮಾತ್ರೆ ಮಾತ್ರ ಸಿಕ್ಕೀತು. ‘ಇಷ್ಟು ವರ್ಷ ಒಂದು ಗುಂಪಿನಲ್ಲಿದ್ದೆ, ಅಲ್ಲಿ ನನ್ನ ಎಲ್ಲ ತೀರ್ಮಾನ ಒಬ್ಬರೇ ಮಾಡುತ್ತಿದ್ದರು, ಬಿಟ್ಟ ಮೇಲೆ ಹೀಗಾಗುತ್ತಿದೆ’ ಎಂದು ಬರೆದುಕೊಂಡು ಹೋಗಿ ಓದಿ ಹೇಳಿ. ಸಮಾಲೋಚಕರೇ ಆ ಗುಂಪಿಗೆ ನಡೆದುಕೊಳ್ಳುವವರಾಗಿದ್ದರೆ, ‘ಕ್ಷಮಿಸಿ ಬಿಡಿ, ಮತ್ತೆ ಹೋಗಿ ಬನ್ನಿ’ ಎಂದರೆ, ಅಥವಾ ‘ನಾನು ಹೇಳಿದಂತೆಯೇ ಕೇಳಬೇಕು’ ಎಂದರೆ ಬೇರೆಯವರನ್ನು ಹುಡುಕಿ.

ಆಸ್ತಿ, ಸಾಲ, ಬೆದರಿಕೆ

ಜಮೀನನ್ನೋ ನಿವೇಶನವನ್ನೋ ದಾನಪತ್ರ ಮಾಡಿಕೊಟ್ಟಿದ್ದರೆ ಬೇಗ ವಕೀಲರನ್ನು ಕಾಣಿ. ಒಬ್ಬರ ಮನಸ್ಸಿನ ಮೇಲೆ ಹಿಡಿತ ಸಾಧಿಸಬಲ್ಲ ಸ್ಥಾನದಲ್ಲಿರುವವರು ಆ ಸ್ಥಾನವನ್ನು ಬಳಸಿ ಅನುಚಿತ ಲಾಭ ಪಡೆಯುವುದನ್ನು 1872ರ ಭಾರತೀಯ ಕರಾರು ಕಾಯಿದೆಯ 16ನೇ ಕಲಂ ಅನುಚಿತ ಪ್ರಭಾವ ಎನ್ನುತ್ತದೆ. ಅಂಥ ಪತ್ರವನ್ನು ರದ್ದುಪಡಿಸುವಂತೆ ಕೋರ್ಟನ್ನು ಕೇಳಬಹುದು. ಆದರೆ ವಿಷಯ ಗೊತ್ತಾದಂದಿನಿಂದ ಸಾಮಾನ್ಯವಾಗಿ 3 ವರ್ಷದೊಳಗೆ ದಾವೆ ಹೂಡಬೇಕು, ಆದ್ದರಿಂದ ‘ಮನಸ್ಸು ಸರಿಹೋಗಲಿ, ಆಮೇಲೆ ನೋಡೋಣ’ ಎಂದು ಇದೊಂದನ್ನು ಮುಂದೂಡಬಾರದು. ಪಹಣಿ ಮತ್ತು ಋಣಭಾರ ಪ್ರಮಾಣಪತ್ರ ತೆಗೆಸಿಟ್ಟುಕೊಂಡು ಹೋಗಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ, ಸಹಾಯವಾಣಿ 15100.

ಹೆಚ್ಚಿನ ಲಾಭದ ಆಸೆ ತೋರಿಸಿ ಠೇವಣಿ ಪಡೆದು ವಾಪಸು ಕೊಡದಿದ್ದರೆ 2004ರ ಕರ್ನಾಟಕ ಠೇವಣಿದಾರರ ಹಿತರಕ್ಷಣಾ ಕಾಯಿದೆ ಅನ್ವಯಿಸಬಹುದು. ತಪ್ಪೊಪ್ಪಿಗೆಯ ವಿಡಿಯೊ ಅಥವಾ ಖಾಸಗಿ ಚಿತ್ರ ಹರಿಬಿಡುತ್ತೇವೆಂದು ಹೆದರಿಸಿದರೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ದೂರು ಕೊಡಿ. ದುಡ್ಡು ಕೊಟ್ಟು ಸುಮ್ಮನಾಗಿಸಲು ಹೋದರೆ ಬೇಡಿಕೆ ಬೆಳೆಯುತ್ತಲೇ ಹೋಗುತ್ತದೆ. ದೂರು ಕೊಡದಿರುವುದೂ ನಿಮ್ಮ ಆಯ್ಕೆಯೇ. ನ್ಯಾಯಕ್ಕಾಗಿ ಹೋರಾಡುವ ತ್ರಾಣ ಈಗ ಇಲ್ಲವೆನಿಸಿದರೆ ಸಾಕ್ಷ್ಯವನ್ನು ಜೋಪಾನವಾಗಿಟ್ಟು, ಗಡುವು ಮಾತ್ರ ವಕೀಲರಿಂದ ಕೇಳಿಟ್ಟುಕೊಳ್ಳಿ.

ಒಳಗೇ ಉಳಿದವರು

ತಾಯಿಯೋ ಅಕ್ಕನೋ ಗಂಡನೋ ಇನ್ನೂ ಅಲ್ಲೇ ಇದ್ದರೆ ಅವರನ್ನು ವಾದದಿಂದ ಹೊರತರಲು ಹೋಗಬೇಡಿ. ನಾಯಕರನ್ನು ಬೈದರೆ ಅವರು ನಾಯಕರ ಪರವೇ ನಿಲ್ಲಬೇಕಾಗುತ್ತದೆ. ಯುಗಾದಿಗೋ ಗೌರಿ ಹಬ್ಬಕ್ಕೋ ಫೋನ್ ಬಂದಾಗ ಮಂಡಿನೋವು, ಕೊಬ್ಬರಿ ರೇಟು, ಹಸು ಈದ ಸುದ್ದಿ, ಅವರು ಗುಂಪಿಗೆ ಸೇರುವ ಮೊದಲಿನ ನೆನಪುಗಳನ್ನು ಮಾತಾಡಿ. ‘ಯಾವ ಹೊತ್ತಲ್ಲಾದರೂ ಬಾ, ಏನೂ ಕೇಳಲ್ಲ’ ಎಂದು ಒಮ್ಮೆ ಹೇಳಿಬಿಡಿ, ಮತ್ತೆ ಮತ್ತೆ ಒತ್ತಬೇಡಿ. ಅವರ ಆಧಾರ್ ಪ್ರತಿ, ಒಂದಿಷ್ಟು ಬಟ್ಟೆ, ಖರ್ಚಿನ ದುಡ್ಡು ನಿಮ್ಮ ಮನೆಯಲ್ಲಿ ಸಿದ್ಧವಿರಲಿ.

ಮಕ್ಕಳ ವಿಷಯ ಬೇರೆ. ಮಗುವನ್ನು ಶಾಲೆ ಬಿಡಿಸಿದ್ದರೆ, ಹೊಡೆಯುತ್ತಿದ್ದರೆ, ಚಿಕಿತ್ಸೆ ಕೊಡಿಸದಿದ್ದರೆ, ಲೈಂಗಿಕ ದೌರ್ಜನ್ಯದ ಸಂಶಯವಿದ್ದರೆ ಸಂಬಂಧ ಕೆಟ್ಟೀತೆಂದು ಕಾಯಬಾರದು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಅಥವಾ ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕು, ಆದ್ದರಿಂದ ಶಾಲೆ ಬಿಟ್ಟ ಮಗುವಿನ ವಿಷಯವನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.